ಡಬ್ಬದ ಷಡಕ್ಷರಿ ಮತ್ತು ಕಂಪನಿಯ ಬಸವ

ಹೊಳೆನರಸೀಪುರದಲ್ಲಿ ಸೀಮೆಎಣ್ಣೆ ಕಂಪನಿಯನ್ನು ರುದ್ರಯ್ಯನಷ್ಟು ನಿಷ್ಠೆಯಿಂದ ಬೈದವರು ಇನ್ನೊಬ್ಬರಿರಲಿಲ್ಲ. ದಿನಾ ಸಾಯಂಕಾಲ ಕೈಕಾಲು ತೊಳೆದು, ಹಣೆಗೆ ವಿಭೂತಿ ಎಳೆದು, ಲಿಂಗಪೂಜೆ ಮುಗಿಸಿ ಹಿತ್ತಿಲಿಗೆ ಬರುತ್ತಿದ್ದ. ಅಲ್ಲಿ ಅವನ ಹಳೇ ಗಾಣದ ಮರದ ಒರಳು ಉರುಳಿಬಿದ್ದಿತ್ತು. ಅದರ ಮೇಲೆ ಕೂತು ಶುರುಮಾಡಿದನೆಂದರೆ ಕಂಪನಿಯ ಮೂರು ತಲೆಮಾರು, ಅದರ ಹಡಗು, ಅದರ ಎಣ್ಣೆಬಾವಿ, ಊರಿನಲ್ಲಿದ್ದ ಅದರ ಏಜೆಂಟ್ ರಂಗಸ್ವಾಮಿ, ರಂಗಸ್ವಾಮಿಯ ಗುಮಾಸ್ತ, ಗುಮಾಸ್ತನ ಛತ್ರಿ, ಒಂದನ್ನೂ ಬಿಡುತ್ತಿರಲಿಲ್ಲ. ಕೊನೆಗೆ "ನಿನ್ನ ಡಬ್ಬ ತೂತಾಗ!" ಎಂದು ಮಂಗಳ ಹಾಡಿ ಒಳಗೆ ಬಂದು, ಸೊಸೆ ಹಚ್ಚಿಟ್ಟ ಬುಡ್ಡಿಯ ಬೆಳಕಿನಲ್ಲಿ ಮುದ್ದೆ ಉಣ್ಣುತ್ತಿದ್ದ. ಬುಡ್ಡಿಯೊಳಗೆ ಇದ್ದದ್ದು ಸೀಮೆಎಣ್ಣೆಯೇ.

ಬೈಯಲು ಕಾರಣವೂ ಇತ್ತು. ಒಂದು ಕಾಲದಲ್ಲಿ ಪೇಟೆ ಬೀದಿಯ ಅರ್ಧ ದೀಪಗಳು ರುದ್ರಯ್ಯನ ಗಾಣದ ಹೊಂಗೆಎಣ್ಣೆಯಿಂದ ಉರಿಯುತ್ತಿದ್ದವು. ಗಾಣ ಎಳೆಯುತ್ತಿದ್ದದ್ದು ಮಲ್ಲ ಎಂಬ ಎತ್ತು. ಹೋರಿಯಾಗಿದ್ದಾಗ ಗಾಣದ ಮರಕ್ಕೇ ಗುದ್ದಿ ಎಡಗೊಂಬನ್ನು ಅರ್ಧಕ್ಕೆ ಮುರಿದುಕೊಂಡಿದ್ದ ಭೂಪ. ಊರಿಗೆ ರೈಲು ಬಂತು, ರೈಲಿನಲ್ಲಿ ಸೀಮೆಎಣ್ಣೆ ಬಂತು, ಹೊಂಗೆಎಣ್ಣೆ ದೀಪ ಜನರ ಕಣ್ಣಿಗೆ ಮಂಕಾಗಿ ಕಾಣತೊಡಗಿತು. ರುದ್ರಯ್ಯ ನಾಲ್ಕು ವರ್ಷ ಹಲ್ಲುಕಚ್ಚಿ ಕಾದು, ಆಮೇಲೆ ಮಲ್ಲನನ್ನು ಕೊಣನೂರು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಗಾಣದ ಒರಳನ್ನು ಸೌದೆಗೆ ಕೇಳಲು ಬಂದವನೊಬ್ಬನನ್ನು ಬೀದಿ ಕೊನೆಯವರೆಗೂ ಅಟ್ಟಿಸಿಕೊಂಡು ಹೋಗಿದ್ದ. ಅಂದಿನಿಂದ ಆ ಒರಳು ಅವನ ಗದ್ದುಗೆ, ಬೈಯುವುದು ಅವನ ಕಸುಬು.

ಆದರೆ ಈ ಕತೆ ರುದ್ರಯ್ಯನದಲ್ಲ, ಅವನ ಮಗ ಷಡಕ್ಷರಿಯದು. ಗಾಣ ನಿಂತಾಗ ಮೀಸೆ ಚಿಗುರುತ್ತಿದ್ದ ಷಡಕ್ಷರಿಗೆ ಮುಂದೇನು ಎಂದು ತೋಚಿರಲಿಲ್ಲ. ಅಷ್ಟರಲ್ಲಿ ಅಪ್ಪನ ಶಾಪ ಫಲಿಸಿತು. ರೈಲಿನಲ್ಲಿ ಎತ್ತಿ ಒಗೆದು, ಗಾಡಿಯಲ್ಲಿ ಕುಲುಕಿ, ಸೀಮೆಎಣ್ಣೆ ಡಬ್ಬಗಳು ನಿಜವಾಗಿಯೂ ತೂತಾಗತೊಡಗಿದವು. ಎಣ್ಣೆ ಸೋರಿ ರಂಗಸ್ವಾಮಿಯ ಗೋದಾಮಿನ ಇರುವೆಗಳೆಲ್ಲ ಸತ್ತವು. ಷಡಕ್ಷರಿ ಛತ್ರದ ಹತ್ತಿರ ಬೀಡುಬಿಟ್ಟಿದ್ದ ಒಬ್ಬ ಕಲಾಯಿಯವನ ಪಕ್ಕ ಎರಡು ತಿಂಗಳು ಕುಕ್ಕರಗಾಲಲ್ಲಿ ಕೂತು ಬೆಸುಗೆ ಕಲಿತು, ರಂಗಸ್ವಾಮಿಯ ಬಾಗಿಲಿಗೆ ಹೋಗಿ ನಿಂತ. ತೂತು ಮುಚ್ಚಿದ್ದಕ್ಕೆ ಕೂಲಿಯೆಂದು ರಂಗಸ್ವಾಮಿ ಮುಚ್ಚಲಾಗದ ಡಬ್ಬಗಳನ್ನು ಕೊಟ್ಟ. ಕೈಗೆ ಬಂದದ್ದು ಕಸವೇ ಆದರೂ ನಾಲ್ಕು ಮೂಲೆಯ, ಹೊಳೆಯುವ, ಕತ್ತರಿಸಿದರೆ ಕತ್ತರಿಸಿಕೊಳ್ಳುವ ಕಸ. ಷಡಕ್ಷರಿ ಅದರಿಂದ ಬುಡ್ಡಿ ಮಾಡಿದ, ಎಣ್ಣೆ ಹುಯ್ಯುವ ಲಾಳಿಕೆ ಮಾಡಿದ, ಸೇರು ಪಾವು ಮಾಡಿದ, ಎಲೆಅಡಿಕೆ ಡಬ್ಬಿ, ಜರಡಿ, ಇಲಿಬೋನು, ಮದುವೆ ಹೆಣ್ಣಿಗೆ ಟ್ರಂಕು, ಎಲ್ಲ ಮಾಡಿದ.

ಹೀಗೆ ಒಂದು ಕಡೆ ಅಪ್ಪ ಕಂಪನಿಯನ್ನು ಬೈಯುತ್ತಿರುವಾಗ ಇನ್ನೊಂದು ಕಡೆ ಮಗ ಕಂಪನಿಯನ್ನು ಕತ್ತರಿಸಿ ಮಾರುತ್ತಿದ್ದ. ಹತ್ತು ವರ್ಷದಲ್ಲಿ ಹಿತ್ತಿಲಲ್ಲೊಂದು ಚಪ್ಪರ ಎದ್ದಿತು. ಡಬ್ಬ ಬಡಿದು ಚಪ್ಪಟೆ ಮಾಡಲು ಪಕ್ಕದ ಹಳ್ಳಿಯ ತಿಮ್ಮಪ್ಪ ಬಂದ. ಅವನ ತೋಳು ಹಲಸಿನ ಕೊಂಬೆಯಂತಿತ್ತು, ಬುದ್ಧಿಯೂ ಸುಮಾರಾಗಿ ಅದೇ ಮರದ್ದು. ತಲೆಯ ಮೇಲೆ ಮಾಲು ಹೊತ್ತು ಕೊಣನೂರು, ಅರಕಲಗೂಡು, ಕಟ್ಟಾಯ ಸುತ್ತಿ ಮಾರಲು ಮಾದಮ್ಮ ಸೇರಿಕೊಂಡಳು. ಬೆಸುಗೆಗೆ ಇನ್ನೂ ಮೂವರು. ಷಡಕ್ಷರಿಯ ಹೆಂಡತಿ ದಾಕ್ಷಾಯಣಮ್ಮ ಎಲ್ಲರ ಮೇಲೂ ಯಜಮಾನಿ. ಅಂತೂ ಆರು ಮನೆಯ ಒಲೆ ಉರಿಯುತ್ತಿದ್ದವು. ಇದೊಂದೂ ಕಂಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ ಉಪಕಾರವೇ ಉಪಕಾರ. ಗೊತ್ತಾದಮೇಲೆ ಅದಕ್ಕೊಂದು ಫೋಟೋ ತೆಗೆಸಬೇಕಾಗುತ್ತದೆ. ಆ ಭಾಗ್ಯ ಷಡಕ್ಷರಿಗೆ ಇನ್ನೂ ಬಂದಿರಲಿಲ್ಲ.

ಕಂಪನಿಯ ಡಬ್ಬದ ಮೇಲೆ ಮೊದಲು ರೆಕ್ಕೆಯಿರುವ ಸಿಂಹದ ಮಾರ್ಕು ಇತ್ತು. ಊರಿನವರು ಅದನ್ನು ಕೋಳಿ ಕದ್ದ ನಾಯಿ ಎಂದುಕೊಂಡಿದ್ದರು. ನಾಯಿಯನ್ನು ಕತ್ತರಿಸಲು ಯಾರಿಗೂ ಸಂಕಟವಿರಲಿಲ್ಲ. ಮೂವತ್ತನಾಲ್ಕನೇ ಇಸವಿಯಲ್ಲಿ ದೂರದ ಆಫೀಸಿನ ಯಾವನೋ ಬುದ್ಧಿವಂತನಿಗೆ ಮೈಸೂರು ಸೀಮೆಯವರ ಮನಸ್ಸು ಗೆಲ್ಲಬೇಕೆನಿಸಿತು. ಗಂಟೆ ಕಟ್ಟಿದ, ಗೆಜ್ಜೆಯ ಜೂಲು ಹೊದ್ದ, ಎರಡು ಕೊಂಬೂ ಚಂದ್ರನಂತೆ ಬಾಗಿದ ಬಸವಣ್ಣ ಡಬ್ಬದ ಮೇಲೆ ಕಾಲು ಮಡಚಿ ಕೂತ. ಎದುರು ಬದುರು ಎರಡು ಮೈಯಲ್ಲೂ ಇದ್ದ. ಬರೀ ಬಣ್ಣವಲ್ಲ, ತಗಡಿನಲ್ಲೇ ಉಬ್ಬಿ ಬರುವಂತೆ ಒತ್ತಿ ಮೂಡಿಸಿದ್ದರು.

ಮೊದಲ ಬಸವನ ಡಬ್ಬ ಚಪ್ಪರಕ್ಕೆ ಬಂದ ದಿನ ಷಡಕ್ಷರಿ ಕತ್ತರಿ ಹಿಡಿದು ಕೂತವನು ಹಾಗೆಯೇ ಕೂತ. ಕೊರಳಲ್ಲಿ ಲಿಂಗ ಕಟ್ಟಿದವನು ಬಸವನ ಕೊರಳಿಗೆ ಕತ್ತರಿ ಹಾಕುವುದು ಹೇಗೆ? ಚಪ್ಪಟೆ ಮಾಡೋಣವೆಂದರೆ ಮುಖದ ಮೇಲೇ ಸುತ್ತಿಗೆ ಬೀಳಬೇಕು. ಡಬ್ಬವನ್ನು ತಿಮ್ಮಪ್ಪನ ಕಡೆ ಜರುಗಿಸಿದ.

"ಬಡಿಯೋ ತಿಮ್ಮಪ್ಪ. ನಿಮ್ಮಲ್ಲಿ ಲಿಂಗ ಇಲ್ವಲ್ಲ, ನಿಂಗೆ ದೋಷ ಇಲ್ಲ."

ತಿಮ್ಮಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಲಿಂಗ ಇಲ್ದಿದ್ರೆ ಏನಾಯ್ತು ಸ್ವಾಮಿ, ಎತ್ತು ಇಲ್ವಾ? ಮನೇಲಿ ಕಟ್ಟಿರೋ ಜೋಡಿಗೆ ನಾಳೆ ಏನಂತ ಮಕ ತೋರ್ಸ್ಲಿ?"

ಗದ್ದಲ ಕೇಳಿ ರುದ್ರಯ್ಯ ಒರಳಿನಿಂದೆದ್ದು ಬಂದ. ಡಬ್ಬವನ್ನು ಕೈಗೆತ್ತಿಕೊಂಡು ಬೆರಳಿನಿಂದ ಕೊಂಬು ಸವರಿದ. ಬಹಳ ಹೊತ್ತು ಸವರಿದ. "ನನ್ನ ಎತ್ತು ಮಾರುಸ್ಬುಟ್ಟು ಈಗ ಎತ್ತಿನ್ ಪಟ ಕಳುಸವ್ನೆ, ಮನೆಮುರುಕ" ಎಂದ. ಆಮೇಲೆ ಮಗನ ಕಡೆ ತಿರುಗಿ, "ಲೇ, ಇದ್ರ ಮೇಲೆ ಕತ್ರಿ ಇಕ್ಕುದ್ರೂ ಪಾಪ, ಸುತ್ತಿಗೇಲಿ ಒಡುದ್ರೂ ಪಾಪ. ಅಂಗೇನಾರ ಮಾಡುದ್ರೆ ಈ ಮನೇಲಿ ನಾನು ನೀರ್ ಮುಟ್ಟಕಿಲ್ಲ ಕಣ್ಲಾ" ಎಂದು ಹೇಳಿ ಹೋದ.

ತಿಮ್ಮಪ್ಪ ಸುಮ್ಮನಿರುವ ಪೈಕಿಯಲ್ಲ. ಎರಡು ದಿನ ಯೋಚಿಸಿ, ಡಬ್ಬವನ್ನು ಕತ್ತರಿಸದೆ, ಬಡಿಯದೆ, ಇದ್ದಂತೆಯೇ ಒಂದು ಹಿಡಿ ಮತ್ತು ಒಂದು ಮೂತಿ ಬೆಸೆದು, ಬೆಳಗಿನ ಕೆಲಸಕ್ಕೆ ನೀರು ಒಯ್ಯುವ ದೊಡ್ಡ ಚೊಂಬನ್ನಾಗಿ ಮಾಡಿದ. ಮಾದಮ್ಮ ಅದನ್ನು ಕೊಣನೂರಿನಲ್ಲಿ ಒಬ್ಬ ಪಟೇಲನಿಗೆ ಮಾರಿಬಂದಳು. ಮುಂದಿನ ಸಂತೆಗೆ ಪಟೇಲ ಅವಳಿಗಾಗಿಯೇ ಕಾದು ನಿಂತಿದ್ದ.

"ಏನೇ ಮಾದಮ್ಮ, ಒಳೆ ದಡದಾಗೆ ಕೂತ್ಕಂಡು ಕಣ್ಬುಟ್ರೆ ಎದುರುಗೆ ಬಸವಣ್ಣ ನನ್ನೇ ನೋಡ್ತಾ ಕೂತವ್ನೆ! ಬಂದ ಕೆಲಸ ನಿಂತೋಯ್ತು. ಮೂರು ದಿನ ಆಯ್ತು, ಇನ್ನೂ ಸರ್ಯಾಗಿ ಬರ್ತಾ ಇಲ್ಲ!" ಎಂದು ಸಂತೆಯ ನಡುವೆ ಕೂಗಾಡಿ ಚೊಂಬನ್ನು ವಾಪಸು ಕೊಟ್ಟ. ಕೊಡುವ ಮುಂಚೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದ.

ಷಡಕ್ಷರಿಗೆ ಉಳಿದದ್ದು ಒಂದೇ ದಾರಿ. ಬಸವನಿದ್ದ ಎರಡು ಮೈಗಳನ್ನು ಅಂಚಿನಗುಂಟ ಹುಷಾರಾಗಿ ಬಿಡಿಸಿ ಅಟ್ಟದ ಮೇಲಿಟ್ಟು, ಉಳಿದ ಎರಡು ಮೈ, ತಳ, ಮುಚ್ಚಳದಲ್ಲಿ ಕೆಲಸ ಮಾಡುವುದು. ಅರ್ಧ ಡಬ್ಬ ಎಂದರೆ ಅರ್ಧ ಕೆಲಸ. ಅರ್ಧ ಕೆಲಸಕ್ಕೆ ಆರು ಒಲೆ ಹೇಗೆ ಉರಿದೀತು? ಶಾಲೆಯ ಮೇಷ್ಟರನ್ನು ಹಿಡಿದು ಕಂಪನಿಗೆ ಒಂದು ಅರ್ಜಿ ಬರೆಸಿದ. "ತಮ್ಮ ಡಬ್ಬದ ಮೇಲೆ ದೇವರು ಕೂತಿರುವುದರಿಂದ ಬಡವರ ಹೊಟ್ಟೆಗೆ ತೊಂದರೆಯಾಗಿದೆ. ದಯವಿಟ್ಟು ಬಸವಣ್ಣನನ್ನು ಎಬ್ಬಿಸಿ, ನಾಯಿಯನ್ನೇ ವಾಪಸು ಕೂರಿಸಬೇಕಾಗಿ ಪ್ರಾರ್ಥನೆ" ಎಂದು ಅದರಲ್ಲಿತ್ತು. ಮೇಷ್ಟರು ಇದನ್ನು ಇಂಗ್ಲಿಷಿಗೆ ತಿರುಗಿಸಿದರು. ಅವರ ಇಂಗ್ಲಿಷು ಮಕ್ಕಳನ್ನು ಹೆದರಿಸುವ ಮಟ್ಟಿಗೆ ಚೆನ್ನಾಗಿತ್ತು.

ಮೂರು ತಿಂಗಳಿಗೆ ಉತ್ತರ ಬಂತು. ದಪ್ಪ ಕಾಗದ, ಮೇಲೆ ಬಸವ. ಮೇಷ್ಟರು ಓದಿ ಕನ್ನಡದಲ್ಲಿ ಹೇಳಿದರು: "ನಮ್ಮ ಮಾರ್ಕಿನ ಬಗ್ಗೆ ತಾವು ತೋರಿದ ಆಸಕ್ತಿಗೆ ನಾವು ಅತ್ಯಂತ ಆಭಾರಿಗಳು. ತಮ್ಮಂಥವರ ಮೆಚ್ಚುಗೆಯೇ ನಮಗೆ ಸ್ಫೂರ್ತಿ. ಪ್ರೀತಿಯ ಕಾಣಿಕೆಯೊಂದನ್ನು ಲಗತ್ತಿಸಿದೆ." ಲಗತ್ತಿಸಿದ್ದದ್ದು ಒಂದು ಕ್ಯಾಲೆಂಡರು. ಹನ್ನೆರಡು ತಿಂಗಳಿಗೂ ಹನ್ನೆರಡು ಬಸವ. ಷಡಕ್ಷರಿ ಅದನ್ನು ಕತ್ತರಿಸಲೂ ಆಗದೆ ಎಸೆಯಲೂ ಆಗದೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಕಾಗದವನ್ನು ಮಡಚಿ ಟ್ರಂಕಿನಲ್ಲಿಟ್ಟ.

ಆ ವರ್ಷ ಮಳೆ ಚಪ್ಪರದ ಸೋಗೆಯನ್ನು ಕೊಳೆಸಿಬಿಟ್ಟಿತು. ಬೆಸುಗೆಯ ಕೆಂಡಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ದಾಕ್ಷಾಯಣಮ್ಮ ತಲೆಯ ಮೇಲೆ ಗೋಣಿ ಹೊದ್ದು ನಿಂತು ಅಟ್ಟದ ಕಡೆ ಕೈತೋರಿಸಿದಳು.

"ಏನೂಂದ್ರೆ, ಅಲ್ಲಿ ನೂರಾರು ಬಸವಣ್ಣ ಬೆಚ್ಚಗೆ ಕೂತವ್ರೆ, ನಾವಿಲ್ಲಿ ನೆನೀತಾ ಇದ್ದೀವಿ. ಒಂದ್ಸಲ ಅವ್ರೂ ನೆನೀಲಿ, ಸೂರಿನ ಮೇಲೆ ಒಡೀರಿ."

"ಬಸವಣ್ಣನ್ನ ಸೂರಿಗೆ ಒಡೀತಾರೇನೇ?"

"ಗುಡಿ ಮೇಲೆ ಕೂರ್ಸಲ್ವಾ? ಅಲ್ಲಿ ಬಿಸ್ಲು ಮಳೆ ಇಲ್ವಾ? ಮೊಳೆ ಮೂಲೆಗೆ ಒಡೀರಿ, ಮೈಗೆ ಒಡೀಬ್ಯಾಡಿ."

ಮಾವನನ್ನು ಕೇಳಿದಳು. ಸೊಸೆ ಹೇಳಿದ್ದರಲ್ಲಿ ತಪ್ಪು ಹುಡುಕಲು ರುದ್ರಯ್ಯ ಒಂದು ದಿನವೆಲ್ಲ ಪ್ರಯತ್ನಪಟ್ಟು ಸೋತ. ಚಪ್ಪರದ ಮೇಲೆ ಸಾಲುಸಾಲಾಗಿ ನೂರ ಹದಿನಾರು ಬಸವಣ್ಣಗಳು ರಸ್ತೆಯ ಕಡೆ ಮುಖಮಾಡಿ ಕೂತರು. ಒಂದು ಹನಿ ಸೋರಲಿಲ್ಲ.

ಇದನ್ನು ಮೊದಲು ಕಂಡು ಆಸೆಪಟ್ಟವನು ದೊಡ್ಡಗದ್ದವಳ್ಳಿಯ ನಂಜಪ್ಪ. ತನ್ನ ದನದ ಕೊಟ್ಟಿಗೆಗೆ ಬೇಕೆಂದು ನಲವತ್ತು ಬಸವ ಒಯ್ದ. ಆ ವರ್ಷ ಕಾಲುಬಾಯಿ ಜ್ವರ ಬಂದು ಸುತ್ತಲ ದನಗಳೆಲ್ಲ ಜೊಲ್ಲು ಸುರಿಸಿದವು. ನಂಜಪ್ಪನ ಕೊಟ್ಟಿಗೆಗೆ ಮಾತ್ರ ಏನೂ ಆಗಲಿಲ್ಲ. ಆ ಹದಿನೈದು ದಿನ ಅವನ ದನಗಳು ಮಾವನ ಊರಿನ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಲು ಹೋಗಿದ್ದವು ಎನ್ನುವುದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಸವನ ತಗಡು ಹೊದಿಸಿದರೆ ದನಕ್ಕೆ ರೋಗ ಬಾರದು ಎಂಬ ಮಾತು ಅರಕಲಗೂಡು ದಾಟಿ ಚನ್ನರಾಯಪಟ್ಟಣ ಮುಟ್ಟಿತು. ಗಾಡಿ ಕಟ್ಟಿಕೊಂಡು ಬಂದರು. ನಾಲ್ಕು ಬಸವಣ್ಣಗಳನ್ನು ಬೆಸೆದು ಒಂದು ಹಾಳೆ ಮಾಡಿ ಕೊಡುವುದು ಷಡಕ್ಷರಿಯ ಮುಖ್ಯ ಕೆಲಸವಾಯಿತು. ಬುಡ್ಡಿ, ಲಾಳಿಕೆ ಉಳಿದ ಅರ್ಧ ಡಬ್ಬದ ಪಾಲಿಗೆ ಹೋದವು. ಐದು ವರ್ಷದಲ್ಲಿ ಆರು ಒಲೆ ಹದಿನಾಲ್ಕಾದವು. ಯಾವ ಬಸವಣ್ಣ ಹೊಟ್ಟೆಗೆ ಕಲ್ಲು ಹಾಕಿದನೆಂದು ಅರ್ಜಿ ಬರೆಸಿದ್ದನೋ ಅವನೇ ಈಗ ಅನ್ನ ಹಾಕುತ್ತಿದ್ದ. ಅರ್ಜಿಯ ವಿಷಯ ಷಡಕ್ಷರಿ ಮರೆತೇಬಿಟ್ಟ.

ಕಂಪನಿ ಮರೆಯಲಿಲ್ಲ. ಅದೇ ಕಂಪನಿಗೂ ಮನುಷ್ಯರಿಗೂ ವ್ಯತ್ಯಾಸ.

ಮೂವತ್ತೊಂಬತ್ತನೇ ಇಸವಿ, ದೀಪಾವಳಿ ಕಳೆದಿತ್ತು. ಕಂಪನಿಯ ದೊಡ್ಡ ಸಾಹೇಬರೊಬ್ಬರು ರೈಲಿನಲ್ಲಿ ಹಾಸನದಿಂದ ಮೈಸೂರಿಗೆ ಹೋಗುತ್ತಿದ್ದರು. ನಮ್ಮವರೇ, ಆದರೆ ಹ್ಯಾಟು ಹಾಕಿದ್ದರು. ಕಿಟಕಿಯಲ್ಲಿ ಒಂದು ಕೊಟ್ಟಿಗೆ ಕಂಡಿತು, ಮೇಲೆ ತಮ್ಮ ಕಂಪನಿಯ ಬಸವ. ಇನ್ನೊಂದು ಕೊಟ್ಟಿಗೆ, ಮತ್ತೆ ಬಸವ. ಹೊಳೆನರಸೀಪುರ ಬರುವಷ್ಟರಲ್ಲಿ ಸಾಹೇಬರು ಎದ್ದು ನಿಂತುಬಿಟ್ಟಿದ್ದರು. ಬಿಟ್ಟಿ ಜಾಹೀರಾತು ಅಷ್ಟು ಉದ್ದಕ್ಕೆ ಅವರು ಕಂಡೇ ಇರಲಿಲ್ಲ. ಇಳಿದು ರಂಗಸ್ವಾಮಿಯನ್ನು ಹಿಡಿದು ವಿಷಯ ತಿಳಿದುಕೊಂಡರು. ವಾಪಸು ಹೋಗಿ ಷಡಕ್ಷರಿಯ ಹೆಸರಿನ ಫೈಲು ಹುಡುಕಿಸಿದರು. ಫೈಲು ಸಿಕ್ಕಿತು.

ತಿಂಗಳು ಕಳೆದಮೇಲೆ ರಂಗಸ್ವಾಮಿ ಓಡಿಬಂದ. "ಷಡಕ್ಷರಿ, ಸಾಹೇಬ್ರು ಸೋಮವಾರ ಬರ್ತಾವ್ರೆ. ಫೋಟೋ ತೆಗೆಯೋನೂ ಬರ್ತಾನೆ. ನಿಂಗೆ ಕಂಪ್ನಿ ಉತ್ತೇಜನ ಕೊಡುತ್ತಂತೆ!"

"ಅಂಗಂದ್ರೆ ಏನು?"

"ನಂಗೂ ಗೊತ್ತಿಲ್ಲ. ಆದ್ರೆ ಕೊಟ್ಟೇ ಕೊಡ್ತಾರಂತೆ, ತಪ್ಪುಸ್ಕೊಳ್ಳೋ ಅಂಗಿಲ್ಲ."

ಷಡಕ್ಷರಿಗೆ ಬೇಕಾದದ್ದು ಒಂದೇ. ಯುದ್ಧ ಶುರುವಾಗಿತ್ತು, ಖಾಲಿ ಡಬ್ಬಗಳಿಗೆ ಅರಸೀಕೆರೆಯ ಸಾಹುಕಾರರು ಕಣ್ಣು ಹಾಕಿದ್ದರು. ಈ ತಾಲ್ಲೂಕಿನ ಬಸವನ ಡಬ್ಬಗಳು ಈ ತಾಲ್ಲೂಕಿನಲ್ಲೇ ಉಳಿಯಲಿ ಎಂದು ಕೇಳಬೇಕು. ಅಷ್ಟು ಸಿಕ್ಕರೆ ಹದಿನಾಲ್ಕು ಮನೆಗೆ ಹೆದರಿಕೆಯಿಲ್ಲ. ಮೂರು ದಿನ ಆ ಮಾತನ್ನು ಬಾಯಿಪಾಠ ಮಾಡಿದ.

ಸೋಮವಾರ ಬಂತು. ಚಪ್ಪರದ ಮುಂದೆ ಮಾವಿನ ಎಲೆ ಕಟ್ಟಿದ್ದರು. ಸಾಹೇಬರು ಕುರ್ಚಿಯಲ್ಲಿ ಕೂತರು, ಎದ್ದರು, ಭಾಷಣ ಮಾಡಿದರು. "ಸ್ಥಳೀಯ ಉದ್ಯಮಶೀಲರಿಗೆ ಉತ್ತೇಜನ ನೀಡುವುದು, ಗ್ರಾಮಗಳಲ್ಲಿ ಉದ್ಯೋಗ ಕಲ್ಪಿಸುವುದು ನಮ್ಮ ಕಂಪನಿಯ ಪರಮ ಧ್ಯೇಯ. ಈ ಮಹನೀಯರನ್ನು ಬೆಳೆಸಿದವರು ನಾವು." ಹಿತ್ತಿಲ ಒರಳಿನ ಮೇಲಿಂದ ಯಾರೋ ಜೋರಾಗಿ ಕ್ಯಾಕರಿಸಿದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಷಡಕ್ಷರಿ ಕೈಮುಗಿದು ಬಾಯಿಪಾಠ ಶುರುಮಾಡಿದ. "ಸ್ವಾಮಿ, ನಮ್ದೊಂದೇ ಬೇಡಿಕೆ..."

ಸಾಹೇಬರು ನಗುತ್ತಾ ಕೈಯೆತ್ತಿ ತಡೆದರು. "ತಮ್ಮ ಬೇಡಿಕೆ ನಮಗೆ ಗೊತ್ತು. ಐದು ವರ್ಷದ ಹಿಂದೆಯೇ ಬರೆದಿದ್ದೀರಿ. ಆಗ ಆಫೀಸಿನವರಿಗೆ ಅರ್ಥವಾಗಿರಲಿಲ್ಲ. ನಾನು ಸ್ವತಃ ಓದಿ ಮೇಲಿನವರ ಮುಂದಿಟ್ಟೆ. ಸ್ಥಳೀಯರ ಭಾವನೆಗೆ ಬೆಲೆ ಕೊಡದ ಕಂಪನಿ ಕಂಪನಿಯೇ ಅಲ್ಲ."

ಮೇಜಿನ ಮೇಲೆ ಕೆಂಪು ಬಟ್ಟೆ ಮುಚ್ಚಿದ ಏನೋ ಇತ್ತು. ಸಾಹೇಬರು ಬಟ್ಟೆ ಎಳೆದರು. ಹೊಸ ಡಬ್ಬ. ನಾಲ್ಕು ಮೈಯೂ ಬೋಳು. ಮುಚ್ಚಳದ ಹತ್ತಿರ ಹೆಬ್ಬೆರಳಷ್ಟು ಒಂದು ದೀಪದ ಚಿತ್ರ. "ಇನ್ನು ಮುಂದೆ ನಿಮ್ಮ ಕತ್ತರಿಗೆ ಯಾವ ಅಡ್ಡಿಯೂ ಇಲ್ಲ!"

ರಂಗಸ್ವಾಮಿ ಚಪ್ಪಾಳೆ ತಟ್ಟಿದ. ಅವನು ತಟ್ಟಿದನೆಂದು ಊರವರೂ ತಟ್ಟಿದರು. ಷಡಕ್ಷರಿ ಗಾಬರಿಯಿಂದ ಎರಡು ಕೈಯನ್ನೂ ಅಡ್ಡ ಆಡಿಸಿ, "ಸ್ವಾಮಿ, ಈಗ ಅದು ಬ್ಯಾಡ ಸ್ವಾಮಿ... ಬಸವಣ್ಣ ಇರ್ಲಿ..." ಎಂದ. ಆದರೆ ಫೋಟೋದವನು "ಅಲ್ಲಾಡಬೇಡಿ" ಎಂದು ಕೂಗಿದ್ದರಿಂದ ಸಾಹೇಬರಿಗೆ ಕೇಳಿಸಲಿಲ್ಲ. ಕೊರಳಿಗೆ ಹಾರ ಬಿತ್ತು. ಫೋಟೋ ಆಯಿತು.

ರುದ್ರಯ್ಯ ಗುಂಪು ಸೀಳಿಕೊಂಡು ಮುಂದೆ ಬಂದ. "ಅಂಗಾರೆ ನಮ್ ಬಸವಣ್ಣನ್ನ ಎಲ್ಲಿಗೆ ಅಟ್ಟುದ್ರಿ?"

"ಅಚ್ಚುಗಳನ್ನು ಕರಗಿಸಿದ್ದಾಯಿತು ಯಜಮಾನರೇ, ಚಿಂತೆ ಬೇಡ" ಎಂದರು ಸಾಹೇಬರು, ಸಮಾಧಾನ ಹೇಳುವ ಧಾಟಿಯಲ್ಲಿ. ಆಮೇಲೆ ಎಳನೀರು ಕುಡಿದು ಹೊರಟುಹೋದರು.

ಅಟ್ಟದಲ್ಲಿದ್ದ ಬಸವಣ್ಣಗಳು ಇಪ್ಪತ್ತು ದಿನಕ್ಕೆ ಮುಗಿದರು. ಬೋಳು ಹಾಳೆ ಹೊತ್ತು ಹೋದ ಮಾದಮ್ಮ ಕಟ್ಟಾಯದಿಂದ ಹೊತ್ತ ಹೊರೆಯನ್ನೇ ಹೊತ್ತುಕೊಂಡು ಬಂದಳು. "ಬಸವಣ್ಣ ಇಲ್ದೆ ಇದ್ರೆ ಬರೀ ತಗಡು, ಮಳೆಗಾದ್ರೆ ನಮ್ಗೆ ಹುಲ್ಲೇ ಅದೆ ಅಂತಾರೆ ಅಣ್ಣಯ್ಯ" ಎಂದು ಹೊರೆ ಇಳಿಸಿದಳು. ಹಳೇ ಬುಡ್ಡಿ, ಲಾಳಿಕೆಗೆ ವಾಪಸು ಹೋಗೋಣವೆಂದರೆ ಆ ಕೆಲಸ ಆರು ಒಲೆಗೆ ಸಾಕು, ಹದಿನಾಲ್ಕಕ್ಕೆ ಸಾಲದು. ಎಂಟು ಮನೆಯವರಿಗೆ ನಾಳೆಯಿಂದ ಬರಬೇಡಿ ಎನ್ನಬೇಕು. ಷಡಕ್ಷರಿ ಆ ಮಾತನ್ನು ಒಂದು ವಾರ ಬಾಯಲ್ಲೇ ಇಟ್ಟುಕೊಂಡು ತಿರುಗಿದ, ಉಣ್ಣಲಾಗಲಿಲ್ಲ.

ತಿಮ್ಮಪ್ಪ ಸುಣ್ಣದಲ್ಲಿ ಬಸವನನ್ನು ಬರೆದು ನೋಡಿದ. ಮೊದಲೇ ಅವನ ಬಸವ ಕತ್ತೆಯ ಕಡೆ ವಾಲಿತ್ತು. ಎರಡು ಕೊಡ ನೀರು ಹುಯ್ದಮೇಲೆ ಅದೂ ಉಳಿಯಲಿಲ್ಲ. ಉತ್ತೇಜನದ ಫಲವಾಗಿ ಬಂದದ್ದು ಫೋಟೋ ಒಂದೇ. ಚೌಕಟ್ಟು ಹಾಕಿ ಕಂಪನಿ ಕಳಿಸಿತ್ತು. ಹಾರ ಹಾಕಿಕೊಂಡ ಷಡಕ್ಷರಿಯ ಮುಖ ಮನೆಯಲ್ಲಿ ಹೆಣ ಬಿದ್ದವನ ಮುಖದಂತಿತ್ತು. ಕೆಳಗೆ ಬರೆದಿತ್ತು: "ಕಂಪನಿಯ ಉತ್ತೇಜನದಿಂದ ಸಂತುಷ್ಟರಾದ ಸ್ಥಳೀಯ ಉದ್ಯಮಿ."

ಸಂಕ್ರಾಂತಿ ಹತ್ತಿರ ಬಂತು. ಕೆಲಸ ಹೋಗಲಿ ಇರಲಿ, ಎಳ್ಳು ಬೀರುವುದನ್ನು ಬಿಡಲಾಗುತ್ತದೆಯೇ? ದಾಕ್ಷಾಯಣಮ್ಮ ಒಲೆಯ ಮುಂದೆ ಕೂತು ಮರದ ಅಚ್ಚುಗಳಿಗೆ ಸಕ್ಕರೆ ಪಾಕ ಹುಯ್ಯುತ್ತಿದ್ದಳು. ಅಚ್ಚು ಬಿಚ್ಚಿದಳು. ಅಂಗೈಯಗಲದ ಸಕ್ಕರೆ ಬಸವಣ್ಣ ಎದ್ದು ಕೂತ. ಅವಳು ಅದನ್ನು ನೋಡಿದಳು. ಆಮೇಲೆ ಮೂಲೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ ಗಂಡನನ್ನು ನೋಡಿದಳು.

"ಏನೂಂದ್ರೆ, ಸಕ್ಕರೇಲಿ ಮೂಡೋ ಬಸವಣ್ಣ ತಗಡಲ್ಲಿ ಮೂಡಾಕಿಲ್ವಾ?"

ಷಡಕ್ಷರಿ ಎದ್ದೇಬಿಟ್ಟ. ಅಚ್ಚು ಕಿತ್ತುಕೊಂಡು ಅದರ ಹಳ್ಳದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿದ. ಅಚ್ಚು ಎರಡು ಹೋಳಾಯಿತು. ದಾಕ್ಷಾಯಣಮ್ಮ ಎರಡು ಬೈದಳು. ಆದರೆ ತಗಡಿನ ಮೇಲೆ ಒಂದು ಕಿವಿ, ಅರ್ಧ ಬೆನ್ನು ಮೂಡಿತ್ತು.

ಬೇಕಾದದ್ದು ದೊಡ್ಡ ಮರ. ಸುತ್ತಿಗೆ ಪೆಟ್ಟಿಗೆ ಸೀಳದ, ಎಣ್ಣೆ ಕುಡಿದು ಕಬ್ಬಿಣವಾದ ಮರ. ಅಂಥದ್ದು ಎಲ್ಲಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಾಯಂಕಾಲ ರುದ್ರಯ್ಯ ಒರಳಿನ ಮೇಲೆ ಕೂತು ಬೈಗುಳ ಶುರುಮಾಡಿದ್ದ. ಷಡಕ್ಷರಿ ಹೋಗಿ ಎದುರಿಗೆ ನಿಂತ. ತಗಡಿನ ಚೂರನ್ನು ತೋರಿಸಿದ. ರುದ್ರಯ್ಯ ತಗಡು ನೋಡಿದ, ಮಗನನ್ನು ನೋಡಿದ, ತಾನು ಕೂತಿದ್ದ ಮರವನ್ನು ನೋಡಿದ.

"ಸುತ್ತಿಗೇಲಿ ಒಡುದ್ರೆ ಪಾಪ ಅಂತ ಅವತ್ತು ನಾನೇ ಅಂದಿದ್ದೆ" ಎಂದ.

"ಅಂದಿದ್ರಿ ಅಪ್ಪಯ್ಯ."

"ಅದು ಕೂತಿರೋನ್ನ ಒಡಿಯೋ ಪೆಟ್ಟು. ಇದು ಎಬ್ಬುಸೋ ಪೆಟ್ಟು. ಆಚಾರಿ ಒಡೀದೆ ಕಲ್ಲಲ್ಲಿ ಬಸವಣ್ಣ ಬಂದಾನಾ?" ಮುದುಕ ಎರಡು ಕೈಯೂರಿ ಎದ್ದ. ಹದಿನೈದು ವರ್ಷಕ್ಕೂ ಮೇಲಿಂದ ಕೂತಿದ್ದ ಜಾಗ ಬಿಟ್ಟು ಪಕ್ಕಕ್ಕೆ ಸರಿದ. "ತಕೋ. ಒಂದು ಮಾತು. ಕಂಪ್ನಿ ಬಸವಣ್ಣ ಬ್ಯಾಡ. ಆಚಾರೀಗೆ ನಾನು ಎದುರುಗೆ ಕೂತು ಯೋಳ್ತೀನಿ."

ಬಡಗಿ ಆಚಾರಿಗೆ ಒರಳನ್ನು ಸೀಳಿ ಹಲಗೆ ಮಾಡಿ ಕೆತ್ತಲು ಇಪ್ಪತ್ತೊಂದು ದಿನ ಹಿಡಿಯಿತು. ರುದ್ರಯ್ಯ ಅವನನ್ನು ಒಂದು ಗಳಿಗೆ ಬಿಡಲಿಲ್ಲ. ಜೂಲು ಬೇಡ ಎಂದ, ಗಂಟೆ ಬೇಡ ಎಂದ. ಹೆಗಲಲ್ಲಿ ನೊಗ ಉಜ್ಜಿದ ಗಂಟು ಬೇಕೆಂದ. ಕೊನೆಗೆ ಎಡಗೊಂಬು ಅರ್ಧಕ್ಕೆ ಮುರಿದಿರಲಿ ಎಂದ. "ಮುರಿದ ಕೊಂಬಿನ ದೇವ್ರನ್ನ ಯಾರು ತಕಂಡಾರು ಯಜಮಾನ್ರೇ?" ಎಂದು ಆಚಾರಿ ಗೊಣಗಿದರೆ, "ತಕಳ್ದೋರು ಕಂಪ್ನಿ ಅತ್ರ ಓಗ್ಲಿ" ಎಂದ.

ಮೊದಲ ಹಾಳೆಯನ್ನು ತಿಮ್ಮಪ್ಪ ಬಡಿದ. ಕೈಮುಗಿದು ಬಡಿದ. ಅಚ್ಚಿನಿಂದ ಎತ್ತಿದಾಗ ಮಲ್ಲ ಎದ್ದು ಬಂದ, ತಲೆ ಸ್ವಲ್ಪ ಬಲಕ್ಕೆ ವಾಲಿಸಿಕೊಂಡು, ಗಾಣ ಸುತ್ತುವಾಗ ವಾಲಿಸುತ್ತಿದ್ದ ಹಾಗೆಯೇ. ರುದ್ರಯ್ಯ ಹೆಗಲ ಮೇಲಿನ ವಸ್ತ್ರದಿಂದ ಮೂಗು ಒರೆಸಿಕೊಂಡು, ಹೊಗೆ ಜಾಸ್ತಿ ಎಂದು ಬೆಸುಗೆಯವರನ್ನು ಬೈದ. ಆ ಹೊತ್ತಿನಲ್ಲಿ ಯಾರೂ ಕೆಂಡವನ್ನೇ ಮಾಡಿರಲಿಲ್ಲ.

ಮಾದಮ್ಮ ಅದನ್ನು ಹೊತ್ತು ದೊಡ್ಡಗದ್ದವಳ್ಳಿಗೆ ಹೋದಳು. ಕೊಂಬು ಯಾಕೆ ಮುರಿದಿದೆ ಎಂದು ನಂಜಪ್ಪ ಕೇಳಿದ. "ರೋಗನ ಗುದ್ದಿ ಗುದ್ದಿ ಮುರ್ಕಂಡದೆ ಕಣಪ್ಪ" ಎಂದಳು ಅವಳು, ರೆಪ್ಪೆ ಬಡಿಯದೆ. ಅಷ್ಟು ಸಾಕಾಯಿತು. ಹಳೇ ಎರಡು ಕೊಂಬಿನ ಬಸವ ಹೊದಿಸಿದ್ದವರು ಕೂಡ ಇದು ಹೆಚ್ಚು ಶಕ್ತಿಯದ್ದೆಂದು ಬದಲಾಯಿಸಿಕೊಂಡರು. ಈಗ ಡಬ್ಬದ ನಾಲ್ಕು ಮೈಯಲ್ಲೂ ಬಸವ ಮೂಡಿಸಬಹುದಾಗಿತ್ತು. ಯಾವ ಒಲೆಯೂ ಆರಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಮೂರು ಹೆಚ್ಚಾದವು.

ನಲವತ್ತೊಂದರಲ್ಲಿ ಕಂಪನಿಯ ಯಾರೋ ಮತ್ತೆ ರೈಲಿನಲ್ಲಿ ಹೋದರು, ಮತ್ತೆ ಕಿಟಕಿಯಲ್ಲಿ ನೋಡಿದರು. ದಪ್ಪ ಕಾಗದ ಬಂತು. ಮೇಷ್ಟರು ಓದಿದರು: ಷಡಕ್ಷರಿಯ ಬಸವ ಕಂಪನಿಯ ಹಳೆಯ ಬಸವನನ್ನು ಹೋಲುವುದರಿಂದ ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ಕೋರ್ಟು.

ಚಪ್ಪರದಲ್ಲಿ ಸುತ್ತಿಗೆಗಳು ನಿಂತವು. ಹದಿನೇಳು ಮನೆಯ ಕಣ್ಣು ಷಡಕ್ಷರಿಯ ಮೇಲಿತ್ತು. ಅವನು ಒಳಗೆ ಹೋಗಿ ಟ್ರಂಕು ತೆಗೆದು, ಹಳೇ ಕಾಗದ ಹುಡುಕಿ ತಂದು ಮೇಷ್ಟರ ಕೈಗೆ ಕೊಟ್ಟ. "ಇದ್ರಲ್ಲಿ ಇರೋದ್ನೇ ಅಕ್ಷರ ಬಿಡ್ದಂಗೆ ಬರೀರಿ ಮೇಷ್ಟ್ರೇ. ಕೆಳಗೆ ನನ್ನ ಹೆಸರು ಆಕಿ" ಎಂದ.

ಮೇಷ್ಟರು ಕನ್ನಡಕ ಏರಿಸಿ ಬರೆದರು. "ನಮ್ಮ ಮಾರ್ಕಿನ ಬಗ್ಗೆ ತಾವು ತೋರಿದ ಆಸಕ್ತಿಗೆ ನಾವು ಅತ್ಯಂತ ಆಭಾರಿಗಳು. ತಮ್ಮಂಥವರ ಮೆಚ್ಚುಗೆಯೇ ನಮಗೆ ಸ್ಫೂರ್ತಿ. ಪ್ರೀತಿಯ ಕಾಣಿಕೆಯೊಂದನ್ನು ಲಗತ್ತಿಸಿದೆ." ಮಲ್ಲನ ಮುಖವಿದ್ದ ಒಂದು ತಗಡನ್ನು ಗೋಣಿಯಲ್ಲಿ ಸುತ್ತಿ, ಹೊಲಿದು, ಅಂಚೆಗೆ ಹಾಕಿದರು.

ತಿಂಗಳಾಯಿತು, ಮೂರು ತಿಂಗಳಾಯಿತು, ವರ್ಷವಾಯಿತು. ಕಂಪನಿಯಿಂದ ಕಾಗದ ಬರಲಿಲ್ಲ. ಕೋರ್ಟಿನಿಂದಲೂ ಬರಲಿಲ್ಲ.

ಒರಳು ಹೋದಮೇಲೆ ರುದ್ರಯ್ಯ ಸಾಯಂಕಾಲ ಕಂಪನಿಯದೇ ಒಂದು ಖಾಲಿ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತು ಬೈಯುತ್ತಿದ್ದ. ಒಂದು ದಿನ ಬೈಗುಳ ಶುರುಮಾಡುವ ಮುಂಚೆ ಮಗನನ್ನು ಕರೆದ.

"ಇನ್ನೂ ಕಾಗ್ದ ಬಂದಿಲ್ವಾ?"

"ಇಲ್ಲ ಅಪ್ಪಯ್ಯ."

"ಎದುರ್ಕಂಡ್ತಾ ಕಂಪ್ನಿ, ಮಲ್ಲನ್ನ ಕಂಡು?"

ಷಡಕ್ಷರಿ ಚಪ್ಪರದ ಸೂರಿನ ಕಡೆ ನೋಡಿದ. ಸಾಲಾಗಿ ಕೂತಿದ್ದ ಮಲ್ಲಂದಿರ ಅರ್ಧ ಕೊಂಬುಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು.

"ಎದುರ್ಕಂಡದೆ ಅಪ್ಪಯ್ಯ" ಎಂದ.

ರುದ್ರಯ್ಯ ತಲೆಯಾಡಿಸಿದ. ಆ ಸಾಯಂಕಾಲ ಅವನು ಯಾರನ್ನೂ ಬೈಯಲಿಲ್ಲ. ಕತ್ತಲಾಗುವವರೆಗೂ ಸೂರು ನೋಡುತ್ತಾ ಕೂತಿದ್ದು, ಸೊಸೆ ಕರೆದಾಗ ಎದ್ದು ಉಣ್ಣಲು ಹೋದ.